ಮೊಳೆ ಹೊಡೆಯಬಾರದ ಗೋಡೆ

ನಮ್ಮ ಮನೆಯ ಕ್ಯಾಲೆಂಡರು ಕಿಟಕಿಯಲ್ಲಿದೆ. ಕನ್ನಡಿಯೂ ಕಿಟಕಿಯಲ್ಲಿದೆ. ಕೊಡೆ, ಕೈಚೀಲ, ಗಂಡನ ಅಂಗಿ, ಈರುಳ್ಳಿಯ ಬುಟ್ಟಿ ಎಲ್ಲವೂ ಕಿಟಕಿಯ ಸರಳುಗಳಿಂದ ನೇತಾಡುತ್ತಿವೆ. ಚಾಮರಾಜಪೇಟೆಯ ಈ ವಠಾರದಲ್ಲಿ ಗಾಳಿ ಬೆಳಕು ಬರಲೆಂದು ಯಾರೋ ಪುಣ್ಯಾತ್ಮರು ಇಡಿಸಿದ ಕಿಟಕಿಯಿಂದ ಈಗ ಒಳಗೆ ಬರುವುದು ಈರುಳ್ಳಿಯ ವಾಸನೆ ಮಾತ್ರ. ಗೋಡೆಗಳೋ, ನಾಲ್ಕೂ ಬೋಳು.

"ಒಂದೇ ಒಂದು ಮೊಳೆ ಹೊಡೆದ್ರೆ ಓನರಮ್ಮ ಏನು ನಮ್ಮನ್ನ ಜೈಲಿಗೆ ಹಾಕಿಸ್ತಾರಾ?" ಎಂದು ಮೊನ್ನೆ ಗಂಡ ಕೇಳಿದ. ಅವನು ತುಮಕೂರಿನಲ್ಲಿ ಸ್ವಂತ ಮನೆಯಲ್ಲಿ ಬೆಳೆದವನು. ಅಲ್ಲಿ ಗೋಡೆಗೆ ಮೊಳೆ ಹೊಡೆಯುವುದೆಂದರೆ ಉಗುರು ಕತ್ತರಿಸಿಕೊಂಡಷ್ಟೇ ಸಹಜ. ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ಎದುರಿನವರ ತಲೆ ತಿಂದವಳು. ಮದುವೆಯಾದ ಮೇಲೂ ಆ ಚಟ ಬಿಟ್ಟಿಲ್ಲವೆಂದು ಅವನ ದೂರು. ಆದರೆ ಈ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಮನೆಯೊಡತಿ ಬೇಡವೆಂದಿದ್ದು ನಿಜ. ಅವರು ಬೇಡವೆಂದ ಬೇರೆ ಎಷ್ಟೋ ಕೆಲಸಗಳನ್ನು ನಾನು ಧಾರಾಳವಾಗಿ ಮಾಡುತ್ತೇನೆ. ಮೊಳೆ ವಿಷಯದಲ್ಲಿ ಮಾತ್ರ ಕೈ ಮೇಲೇಳುವುದಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ನೀವು ನನ್ನ ಜೊತೆ ಶ್ರೀರಾಂಪುರಕ್ಕೆ ಬರಬೇಕು.

ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಇಳಿದು ರೈಲು ಹಳಿ ದಾಟಿದರೆ ನಮ್ಮ ಲೋಕ. ಆ ಕಡೆ ಕಾಂಪೌಂಡಿನೊಳಗೆ ಮಾವಿನ ಮರ, ಕೆಂಪು ಸಾರಣೆಯ ನೆಲ, ಗೇಟಿನ ಮೇಲೆ ಹೆಸರು. ಈ ಕಡೆ ಸರ್ಕಾರದ ಹೌಸಿಂಗ್ ಬೋರ್ಡಿನವರು ಮಿಲ್ಲು ಕೆಲಸಗಾರರಿಗೆಂದು ಕಟ್ಟಿಸಿ ಬಾಡಿಗೆಗೆ ಕೊಟ್ಟ ಸಾಲುಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಕಾಲು ಚಾಚಿದರೆ ಬೀದಿಗೆ ತಾಗುವಂಥ ಜಗಲಿ. ಸಾಲಿಗೆಲ್ಲ ಒಂದೇ ಹೆಂಚಿನ ಸೂರು. ಮನೆ ಮನೆಗೂ ನಡುವೆ ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ ಕಟ್ಟಿದ ತೆಳ್ಳನೆಯ ಗೋಡೆ. ಪಕ್ಕದ ಮನೆಯ ಜಯಕ್ಕ ಒಗ್ಗರಣೆ ಹಾಕಿದರೆ ಸೀನು ಬರುತ್ತಿದ್ದುದು ನಮಗೆ. ನಾನು ಪಾಠ ಗಟ್ಟಿಮಾಡುತ್ತಿದ್ದರೆ ತಪ್ಪು ತಿದ್ದುತ್ತಿದ್ದುದು ಜಯಕ್ಕನ ಗಂಡ.

ಬೋರ್ಡಿನ ನಿಯಮಗಳಲ್ಲಿ ಮೊದಲನೆಯದು ಗೋಡೆಗೆ ಮೊಳೆ ಹೊಡೆಯಬಾರದೆಂಬುದು. ಸೂರು ಸೋರಿದರೆ ವರ್ಷಗಟ್ಟಲೆ ತಿರುಗಿ ನೋಡದ ಬೋರ್ಡು ಮೊಳೆ ನೋಡಲು ಮಾತ್ರ ತಪ್ಪದೆ ಇನ್‌ಸ್ಪೆಕ್ಟರನ್ನು ಕಳಿಸುತ್ತಿತ್ತು. ಆತ ಬೀದಿಯ ಕೊನೆಯಲ್ಲಿ ಸೈಕಲ್ಲು ಒರಗಿಸಿದನೆಂದರೆ ಸಾಲಿನುದ್ದಕ್ಕೂ ಒಂದು ವಿಚಿತ್ರ ಚಟುವಟಿಕೆ ಶುರು. ಕದ್ದು ಹೊಡೆದ ಮೊಳೆಗಳನ್ನೆಲ್ಲ ಕಿತ್ತು, ಆ ತೂತುಗಳಿಗೆ ಬಿಳಿ ಹಲ್ಲುಪುಡಿಯನ್ನು ನೀರಲ್ಲಿ ಕಲಸಿ ಮೆತ್ತುವುದು. ಸುಣ್ಣದ ಗೋಡೆಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಒಂದು ಸಲ ಜಯಕ್ಕನ ಮನೆಯಲ್ಲಿ ಬಿಳಿಯದು ಮುಗಿದಿತ್ತು. ಗಾಬರಿಯಲ್ಲಿ ಆಕೆ ಕೆಂಪು ಹಲ್ಲುಪುಡಿಯನ್ನೇ ಮೆತ್ತಿಬಿಟ್ಟರು. ಇನ್‌ಸ್ಪೆಕ್ಟರು ಒಳಗೆ ಹೋದಾಗ ಗೋಡೆಗೆ ದಡಾರ ಎದ್ದಿತ್ತು.

"ಏನಮ್ಮಾ ಇದು?"

"ತಿಗಣೆ ಸಾರ್. ಹೊಸಕಿದೀವಿ," ಎಂದರು ಜಯಕ್ಕ, ಕಣ್ಣು ಮಿಟುಕಿಸದೆ.

ಇನ್‌ಸ್ಪೆಕ್ಟರು ಬಂದಷ್ಟೇ ಬೇಗ ಹೊರಗೆ ಬಂದ. ಸಮಯಸ್ಫೂರ್ತಿ ಎಂದರೇನೆಂದು ಮುಂದೆ ಕಾಲೇಜಿನಲ್ಲಿ ಮೇಷ್ಟರು ವಿವರಿಸಿದಾಗ ನನಗೆ ನೆನಪಾದದ್ದು ಜಯಕ್ಕನೇ.

ನಮ್ಮ ಮನೆಯಲ್ಲಿ ಹಲ್ಲುಪುಡಿ ಹಲ್ಲಿಗೆ ಮಾತ್ರ ಬಳಕೆಯಾಗುತ್ತಿತ್ತು. ಅಪ್ಪ ಮಿಲ್ಲಿನಲ್ಲಿ ಮಗ್ಗದ ಮೇಸ್ತ್ರಿ. "ಗೋಡೆ ನಮ್ಮದಲ್ಲ. ನಮ್ಮದಲ್ಲದ್ದಕ್ಕೆ ತೂತು ಮಾಡಬಾರದು," ಎಂಬುದು ಅವರ ಕಾನೂನು. ಅದಕ್ಕೇ ಅಮ್ಮ ತಂತಿ ಬಗ್ಗಿಸಿ ಕೊಕ್ಕೆಗಳನ್ನು ಮಾಡಿಕೊಂಡಿದ್ದಳು. ಮೇಲೊಂದು ಬಾಗು, ಕೆಳಗೊಂದು ಬಾಗು. ಸಂಸಾರವೆಲ್ಲ ಆ ಕೊಕ್ಕೆಗಳ ಮೇಲೆ ಕಿಟಕಿಗೆ ತೂಗುಬಿದ್ದಿತ್ತು.

ತೂಗು ಹಾಕಲಾಗದೆ ಉಳಿದದ್ದು ಒಂದೇ, ತಾತನ ಫೋಟೋ. ತಾತ ಅಂದರೆ ಅಮ್ಮನ ಅಪ್ಪ. ದಪ್ಪ ಚೌಕಟ್ಟು, ದಪ್ಪ ಗಾಜು, ದಪ್ಪ ಮೀಸೆ. ಆತ ತೀರಿಕೊಂಡ ಮೇಲೆ ತವರಿನಿಂದ ಅಮ್ಮ ತಂದದ್ದು ಅದೊಂದೇ. ಕಿಟಕಿಗೆ ಕಟ್ಟಿದರೆ ಬೀದಿಯ ಕಡೆ ಬೆನ್ನು ಮಾಡಿ ನಿಲ್ಲುತ್ತಾನೆ, ಜೊತೆಗೆ ಮಳೆಯಲ್ಲಿ ನೆನೆಯುತ್ತಾನೆ. ಹಾಗಾಗಿ ಅವನನ್ನು ಟ್ರಂಕಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಒರಗಿದ ಭಂಗಿಯಲ್ಲಿ ತಾತನ ದೃಷ್ಟಿ ನೇರ ಸೂರಿಗೆ. ಎಲ್ಲಿ ಸೋರುತ್ತಿದೆಯೆಂದು ಹಗಲಿಡೀ ಹುಡುಕುತ್ತಿರುವವನ ಹಾಗೆ. ಜಯಕ್ಕ ಆ ಕಡೆ ಒರಳಲ್ಲಿ ಕುಟ್ಟಲು ಶುರುಮಾಡಿದರೆ ಈ ಕಡೆ ತಾತ ಮೆಲ್ಲಗೆ ಜಾರುತ್ತಿದ್ದ. ಅಮ್ಮ ಒಲೆ ಬಿಟ್ಟು ಓಡಿಬರುತ್ತಿದ್ದಳು. ಆದರೂ ಗಾಜು ಎರಡು ಸಲ ಒಡೆಯಿತು. ಎರಡನೇ ಸಲ ಚೂರುಗಳನ್ನು ಆಯುತ್ತ ಅಮ್ಮ, "ಸತ್ತ ಮೇಲೂ ನಮ್ಮಪ್ಪಂಗೆ ನೆಟ್ಟಗೆ ನಿಲ್ಲೋಕೆ ಜಾಗ ಇಲ್ಲ," ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಅಪ್ಪನನ್ನು ಕಲ್ಲು ಹೃದಯದವರೆಂದುಕೊಳ್ಳಬೇಡಿ. ಕಲ್ಲಿನ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಸೀಮೆಎಣ್ಣೆಗೆ ಸಾಲು, ರೇಷನ್ನಿಗೆ ಸಾಲು, ಹಾಲಿಗೆ ಸಾಲು. ಡಿಪೋ ಬಾಗಿಲು ತೆರೆಯುವುದಕ್ಕೆ ಎಷ್ಟೋ ಹೊತ್ತು ಮುಂಚೆ ಜನ ಬಂದು ತಮ್ಮ ಬದಲು ಒಂದೊಂದು ಕಲ್ಲು ಇಟ್ಟು ಹೋಗುತ್ತಿದ್ದರು. ಕೆಲವರು ಒಡಕು ಡಬ್ಬ, ಕೆಲವರು ಹರಿದ ಚೀಲ. ಬೆಳಗ್ಗೆ ನೋಡಿದರೆ ಮನುಷ್ಯರಿಲ್ಲದ ಸಾಲೊಂದು ಗಂಭೀರವಾಗಿ ಕಾಯುತ್ತಿರುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ನಾನು ಮುಂದಿನ ಕಲ್ಲನ್ನು ಮೆಲ್ಲಗೆ ಕಾಲಲ್ಲಿ ತಳ್ಳಿದೆ. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿ, ಆ ಕಲ್ಲನ್ನು ಎತ್ತಿ, ಧೂಳು ಒರೆಸಿ ಮತ್ತೆ ಅದೇ ಜಾಗದಲ್ಲಿಟ್ಟರು. "ಅದು ಕಲ್ಲಲ್ಲ ಅಮ್ಮಣ್ಣಿ. ಅದರ ಹಿಂದೆ ಒಬ್ಬ ಮನುಷ್ಯ ಇದಾನೆ. ನಮ್ಮ ಕಣ್ಣಿಗೆ ಕಾಣ್ತಿಲ್ಲ ಅಷ್ಟೆ."

ಬೋರ್ಡಿನ ಮನೆಯೂ ಅವರಿಗೆ ಹಾಗೆಯೇ ವರ್ಷಗಟ್ಟಲೆ ಕಾದು ಸಿಕ್ಕಿದ್ದು. ಹಾಗಾಗಿ ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಬಾಡಿಗೆದಾರರಿಗೇ ಮನೆಗಳನ್ನು ಮಾರಿಬಿಡಲು ಬೋರ್ಡು ಯೋಚಿಸುತ್ತಿದೆಯೆಂಬ ಸುದ್ದಿ ಬಂದು ಸಾಲಿಗೆ ಸಾಲೇ ಕುಣಿದಾಡಿದರೂ ಅಪ್ಪ ಕುಣಿಯಲಿಲ್ಲ. "ನಾವು ಕೊಂಡ್ಕೊಂಡ್ರೆ ನಮ್ಮ ಹಿಂದಿನ ಕಲ್ಲಿನ ಗತಿ ಏನು?" ಎಂದರು. ಬೋರ್ಡಿನವರದ್ದೂ ಒಂದು ಷರತ್ತು. ಸೂರು ಒಂದೇ ಆದ್ದರಿಂದ ಒಂದು ಸಾಲಿನವರೆಲ್ಲ ಒಪ್ಪಿದರೆ ಮಾತ್ರ ಮಾರಾಟ. ಒಬ್ಬರು ಬೇಡವೆಂದರೂ ಸಾಲಿಗೆ ಸಾಲೇ ಬಾಡಿಗೆಯಲ್ಲೇ ಉಳಿಯಬೇಕು. ನಮ್ಮ ಸಾಲಿನಲ್ಲಿ ಎಲ್ಲರೂ ಒಪ್ಪಿದ್ದರು, ಅಪ್ಪ ಒಬ್ಬರನ್ನು ಬಿಟ್ಟು.

ಅದೇ ದಿನಗಳಲ್ಲಿ, ನೋಡಿ ನನ್ನ ಅದೃಷ್ಟ, ಮಲ್ಲೇಶ್ವರದ ಕಾಲೇಜೊಂದರಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ. ವಿಷಯ: ಸರ್ಕಾರಿ ಬಾಡಿಗೆ ಮನೆಗಳನ್ನು ಅಲ್ಲಿರುವವರಿಗೇ ಮಾರಬೇಕು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ನನಗೆ ಬಂದದ್ದು ವಿರೋಧ. ಚರ್ಚೆಯವರಿಗೆ ಯಾವ ಕಡೆಯಾದರೇನು? ಸ್ವಂತ ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ವೇದಿಕೆ ಹತ್ತುವುದನ್ನೇ ನಮಗೆ ಕಲಿಸಿದ್ದು. ಆ ವಯಸ್ಸಿನಲ್ಲಿ ನಾನು ದೇವರಿಂದ ಹಿಡಿದು ಕಾಫಿಯ ಡಿಕಾಕ್ಷನ್ನಿನವರೆಗೆ ಎಲ್ಲವನ್ನೂ ಅನುಮಾನಿಸುತ್ತಿದ್ದೆ, ನನ್ನ ಜಾಣತನವೊಂದನ್ನು ಬಿಟ್ಟು.

ಒಂದು ವಾರ ಮನೆಯಲ್ಲೇ ಅಭ್ಯಾಸ. ಸಭೆ ಎಂದರೆ ಅಪ್ಪ, ಟ್ರಂಕಿನ ಮೇಲೆ ಒರಗಿದ ತಾತ, ಗೋಡೆಯಾಚೆ ಜಯಕ್ಕನ ಸಂಸಾರ. "ಮಾನ್ಯ ಅಧ್ಯಕ್ಷರೇ, ಈ ಮನೆಗಳು ಇಂದಿನ ಬಾಡಿಗೆದಾರರ ಸೊತ್ತಲ್ಲ. ನಾಳೆ ಈ ಊರಿಗೆ ಬರುವ ಬಡವನ ಪಾಲು. ಬಾವಿಯಿಂದ ಒಂದು ಕೊಡ ನೀರು ಸೇದಿಕೊಂಡವನು ಬಾವಿಯನ್ನೇ ಮನೆಗೆ ಹೊತ್ತೊಯ್ಯಬಹುದೇ?" ಅಪ್ಪ ತೊಡೆ ತಟ್ಟುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂದು ಹೇಳಿಕೊಡುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಮಾಮೂಲಿಗಿಂತ ಜಾಸ್ತಿ ಸದ್ದು ಮಾಡಿ ತೊಳೆಯುತ್ತಿದ್ದಳು.

ಮೊದಲ ಬಹುಮಾನ ನನಗೇ ಬಂತು. ಸಂಪಿಗೆ ರಸ್ತೆಯುದ್ದಕ್ಕೂ ಕಪ್ಪನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನಡೆದುಬಂದೆ. ಯಾರೂ ನೋಡಲಿಲ್ಲ. ಒಬ್ಬ ಹೂವಿನವಳು ಮಾತ್ರ, "ಎಷ್ಟಕ್ಕೆ ತಗೊಂಡ್ಯಮ್ಮ?" ಎಂದು ಕೇಳಿದಳು.

ಮನೆಯಲ್ಲಿ ಅಪ್ಪನಿಗೆ ಸ್ವರ್ಗ ಮೂರೇ ಗೇಣು. "ನೋಡಿದ್ಯಾ? ಪ್ರೊಫೆಸರುಗಳೇ ಒಪ್ಪಿದಾರೆ. ಇನ್ನು ಯಾರು ಬಂದು ಕೇಳಿದ್ರೂ ನಾನು ರುಜು ಹಾಕಲ್ಲ."

ಅಮ್ಮ ಕಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಚೆನ್ನಾಗಿದೆ. ಎಲ್ಲಿಡ್ತೀಯೇ ಇದನ್ನ?" ಎಂದಳು.

ನಾನು ಕೋಣೆಯ ಸುತ್ತ ಕಣ್ಣಾಡಿಸಿದೆ. ಒಂದು ಹಲಗೆ ಹೊಡೆಯುವಂತಿಲ್ಲ, ಒಂದು ಮೊಳೆಯಿಲ್ಲ. ಅಮ್ಮ ಅದನ್ನು ಟ್ರಂಕಿನ ಮೇಲೆ, ತಾತ ಜಾರದಂತೆ ಅವನ ಪಾದದ ಬಳಿ ಒತ್ತಾಗಿ ಇಟ್ಟಳು. ಪ್ರೊಫೆಸರುಗಳ ಮೆಚ್ಚುಗೆ ಅಂದಿನಿಂದ ಫೋಟೋಗೆ ಒತ್ತುಗಲ್ಲಾಯಿತು.

ಆ ಭಾನುವಾರ ಸಾಲಿನವರೆಲ್ಲ ನಮ್ಮ ಜಗಲಿಯ ಮುಂದೆ ಸೇರಿದರು. ಬೋರ್ಡಿಗೆ ಉತ್ತರ ಕೊಡುವ ಗಡುವು ಹತ್ತಿರ ಬಂದಿತ್ತು. ಮುಂದಾಳು ಟೈಲರ್ ಗೋವಿಂದಣ್ಣ, ಕೊರಳಲ್ಲಿ ಸದಾ ಅಳತೆಪಟ್ಟಿ.

"ರಾಜಣ್ಣ, ನಿಮ್ಮೊಬ್ಬರಿಂದ ಎಲ್ಲರ ಮನೆ ನಿಂತಿದೆ," ಎಂದರು ಗೋವಿಂದಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮ ಲಾಯರಮ್ಮ, ಅಲ್ಲಿ ಮಲ್ಲೇಶ್ವರದಲ್ಲಿ ಮಾರಬಾರದು ಅನ್ನೋರ ಕಡೆ ಮಾತಾಡಿ ಕಪ್ ತಂದೆ. ಇಲ್ಲಿ ನಮ್ಮ ಕಡೆ ಮಾತಾಡಿ ನಿಮ್ಮಪ್ಪಂಗೆ ಹೇಳು ನೋಡೋಣ!"

ಚರ್ಚೆಯವರಿಗೆ ಯಾವ ಕಡೆಯಾದರೇನು? ಎದ್ದು ನಿಂತೆ. ಜಯಕ್ಕ ತಟ್ಟೆ ಮತ್ತು ಸೌಟು ತಂದು ಗಂಟೆ ಬಾರಿಸಲು ಕೂತರು. ಇಷ್ಟು ವರ್ಷ ಕೊಟ್ಟ ಬಾಡಿಗೆಯಲ್ಲಿ ಈ ಮನೆಗಳ ಬೆಲೆ ಎಂದೋ ತೀರಿದೆ ಎಂದೆ. ಸೂರು ಸೋರಿದಾಗ ಹೆಂಚು ತಿರುವಿದವರು ನಾವೇ ಎಂದೆ. ಬಾಡಿಗೆಗಿದ್ದರೂ ಈ ಸಾಲಿನಿಂದ ಇದುವರೆಗೆ ಯಾರೂ ಬಿಟ್ಟು ಹೋಗಿಲ್ಲ, ಹಾಗಿರುವಾಗ ಹಿಂದಿನ ಕಲ್ಲಿಗೆ ಸಿಕ್ಕಿದ್ದಾದರೂ ಏನು ಎಂದೆ. ಶಿಳ್ಳೆ ಬಿದ್ದವು. ಗೋವಿಂದಣ್ಣ ಅಳತೆಪಟ್ಟಿಯನ್ನು ಹಾರದ ಹಾಗೆ ನನ್ನ ಕೊರಳಿಗೆ ಹಾಕಿಯೇಬಿಟ್ಟರು.

ಅಪ್ಪ ನಿಧಾನವಾಗಿ ಎದ್ದರು. ಗಂಟಲು ಸರಿಮಾಡಿಕೊಂಡರು.

"ಮಾನ್ಯ ಅಧ್ಯಕ್ಷರೇ," ಎಂದರು.

ಅಪ್ಪ ನನ್ನ ಭಾಷಣವನ್ನು, ಕಪ್ಪು ಗೆದ್ದ ಭಾಷಣವನ್ನು, ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ. ಬಾವಿಯ ಮಾತಿಗೆ ಬಂದಾಗ ಬೆರಳು ಎತ್ತಿ ನನ್ನ ಕಡೆಗೇ ತೋರಿಸಿದರು. ನನಗಿಂತ ಚೆನ್ನಾಗಿ ಮಾತಾಡಿದರು ಎಂದು ಹೇಳಲು ಈಗ ನಾಚಿಕೆಯಿಲ್ಲ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಲಾಯರಮ್ಮನ ಮಾತಿಗೆ ಲಾಯರಮ್ಮನೇ ಫೇಲು!" ಎಂದು ಜಯಕ್ಕ ಗಂಟೆ ಬಾರಿಸುವುದನ್ನೂ ಮರೆತರು. ನನ್ನ ವಾದಕ್ಕೆ ಉತ್ತರವೇ ಇಲ್ಲದಂತೆ ಬರೆದವಳು ನಾನೇ ತಾನೆ?

ಆಗ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಸಭೆಯಲ್ಲಿ ಅಮ್ಮ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಪ್ಪನನ್ನೇ ನೋಡಿದಳು.

"ರೀ, ಹಿಂದಿರೋ ಕಲ್ಲಿನ ಬಗ್ಗೆ ಇಷ್ಟು ಯೋಚ್ನೆ ಮಾಡ್ತೀರ. ಒಳ್ಳೇದೇ. ಆದ್ರೆ ಪಕ್ಕದಲ್ಲಿ ನಿಂತಿರೋಳು ನಾನು. ನಾನು ಯಾವ ಸಾಲಲ್ಲಿದೀನಿ ಹೇಳಿ. ನನ್ನ ಕಲ್ಲು ಎಲ್ಲಿದೆ?"

ಅಪ್ಪನ ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಿವಿ ಕೆರೆದುಕೊಂಡರು. ಅಮ್ಮ ಉತ್ತರಕ್ಕೆ ಕಾಯಲೂ ಇಲ್ಲ. ಒಲೆಯ ಮೇಲೆ ಏನೋ ಇಟ್ಟಿದ್ದಳು, ಒಳಗೆ ಹೋದಳು.

ಅಪ್ಪ ಜಗಲಿಯ ಅಂಚಿನಲ್ಲಿ ಕೂತರು. ಒಳಗೆ ಟ್ರಂಕಿನ ಮೇಲೆ ಸೂರು ನೋಡುತ್ತಿದ್ದ ಮಾವನನ್ನು ಒಮ್ಮೆ ನೋಡಿದರು. ಆಮೇಲೆ, "ಗೋವಿಂದಣ್ಣ, ಎಲ್ಲಿ ರುಜು ಹಾಕಬೇಕು?" ಎಂದರು.

ಮನೆ ನಮ್ಮದಾಯಿತು. ಮೊದಲ ಕಂತು ಕಟ್ಟಿದ ದಿನ ಮಿಲ್ಲಿನಿಂದ ಬರುವಾಗ ಅಪ್ಪ ಸಂಪಿಗೆ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೊಳೆ ತಂದರು. ಜೀವಮಾನದಲ್ಲಿ ಒಂದು ಮೊಳೆಯನ್ನೂ ಗೋಡೆಗೆ ಹೊಡೆಯದ ಮನುಷ್ಯ. ಅಂಗಡಿಯವನು ಯಾವ ಸೈಜು ಎಂದು ಕೇಳಿದ್ದಕ್ಕೆ, "ಗಟ್ಟಿಯಾಗಿರೋದು, ನಮ್ಮ ಮಾವನವರಿಗೆ," ಎಂದರಂತೆ. ಅವನು ಏನೆಂದುಕೊಂಡನೋ, ಬಾಗಿಲ ಚೌಕಟ್ಟಿಗೆ ಹೊಡೆಯುವ, ಹೆಚ್ಚು ಕಡಿಮೆ ಗೇಣುದ್ದದ ಮೊಳೆ ಕೊಟ್ಟು ಕಳಿಸಿದ್ದ.

ಅಮ್ಮ ತಲೆಗೆ ಎರೆದುಕೊಂಡು, ಜಾಗ ಆರಿಸಿ, ಗೋಡೆಗೆ ಅರಿಶಿನ ಕುಂಕುಮ ಹಚ್ಚಿದಳು. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುತ್ತಾರೆ. ಇಷ್ಟು ವರ್ಷ ವಾಸವಿದ್ದ ಮನೆಗೆ ಪ್ರವೇಶವೆಲ್ಲಿಂದ ಬಂತು? ನಮ್ಮದು ಮೊಳೆಪ್ರವೇಶ. ಅಪ್ಪ ಸುತ್ತಿಗೆ ಎತ್ತಿದರು. ಮೊದಲ ಏಟು ಹೆಬ್ಬೆರಳಿಗೆ. ಎರಡನೆಯದಕ್ಕೆ ಅಂಗೈಯಗಲ ಸುಣ್ಣ ಉದುರಿತು. ಆಮೇಲೆ ಹಟ ಹತ್ತಿತು. ಮೊಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯತೊಡಗಿತು. "ನೋಡೇ, ಎಂಥಾ ಸಲೀಸು!" ಎಂದು ಅಪ್ಪ ಇನ್ನೆರಡು ಕೊಟ್ಟರು.

ಗೋಡೆಯಾಚೆಯಿಂದ ಕಿರುಚಾಟ. "ಯಾರ್ರೀ ಅದು! ನಮ್ಮ ಗೋಡೇಲಿ ಮೊಳೆ ಹುಟ್ತಾ ಇದೆ!"

ಎಲ್ಲರೂ ಆ ಕಡೆ ಓಡಿದೆವು. ಜಯಕ್ಕನ ಅಡುಗೆಮನೆಯಲ್ಲಿ, ಒಲೆಯ ಪಕ್ಕಕ್ಕೆ, ಎರಡು ಬೆರಳುದ್ದದ ಮೊಳೆಯ ಮೂತಿ ಇಣುಕುತ್ತಿತ್ತು. ನಿಲ್ಲಿಸಿದ ಇಟ್ಟಿಗೆಯ ಗೋಡೆಗೆ ಗೇಣುದ್ದದ ಮೊಳೆ ಹೊಡೆದರೆ ಆಗುವುದೇನು ಎಂಬುದು, ಮೊಳೆ ಹೊಡೆದು ಗೊತ್ತಿರುವ ಯಾರಿಗಾದರೂ ತಿಳಿದಿರುತ್ತಿತ್ತು. ಅಪ್ಪನ ಮುಖ ಸಪ್ಪಗಾಯಿತು. ಸ್ವಂತ ಗೋಡೆಯಾದ ಮೊದಲ ದಿನವೇ ತಮ್ಮದಲ್ಲದ್ದಕ್ಕೆ ತೂತು!

"ಕಿತ್ತುಬಿಡ್ತೀನಿ ಜಯಮ್ಮ, ತಪ್ಪಾಯ್ತು."

ಜಯಕ್ಕ ಮೊಳೆಯನ್ನು ಬೆರಳಿಂದ ಮುಟ್ಟಿ ನೋಡಿದರು. ಅಲ್ಲಾಡಿಸಿದರು. ಆಮೇಲೆ ಟೀ ಸೋಸುವ ಜಾಲರಿಯನ್ನು ಅದಕ್ಕೆ ನೇತುಹಾಕಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು. "ಇರ್ಲಿ ಬಿಡಿ ರಾಜಣ್ಣ. ಇಲ್ಲೇ ಒಂದು ಬೇಕಿತ್ತು."

ಹೀಗೆ ಈ ಕಡೆ ತಾತ, ಆ ಕಡೆ ಜಾಲರಿ. ಮೊಳೆ ಯಾರದು ಎಂದು ನಾನು ಒಂದು ವಾರ ವಾದ ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಮಾತ್ರ ಕೆಲಸದ ನಡುವೆ ಆಗಾಗ ಬಂದು ಸುಮ್ಮನೆ ನಿಂತು ನೋಡುತ್ತಿದ್ದಳು. ತಾತ ಸೂರು ಬಿಟ್ಟು ಈಗ ಅವಳನ್ನೇ ನೋಡುತ್ತಿದ್ದ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಎದುರು ಪಕ್ಷದ ಮಾತನ್ನು ಮುಚ್ಚಿಡಬಾರದೆಂದು ಚರ್ಚೆಯ ನಿಯಮವಿದೆ. ಕೆಲವೇ ವರ್ಷಗಳಲ್ಲಿ ಗೋವಿಂದಣ್ಣ ತಮ್ಮ ಮನೆಯನ್ನು ಬಟ್ಟೆ ವ್ಯಾಪಾರಿಯೊಬ್ಬರಿಗೆ ಮಾರಿ ಊರಾಚೆ ಸೈಟು ಮಾಡಿಕೊಂಡರು. ಅವರ ಪಕ್ಕದವರೂ ಮಾರಿದರು. ಆ ವ್ಯಾಪಾರಿ ಎರಡನ್ನೂ ಸೇರಿಸಿ ಮೇಲೆ ಮಹಡಿ ಎತ್ತಿ ಗೋದಾಮು ಮಾಡಿದ್ದಾರೆ. ನಮ್ಮ ಒಂದೇ ಸೂರು ಈಗ ಹಲ್ಲು ಬಿದ್ದ ಬಾಯಿಯ ಹಾಗಿದೆ.

ನನ್ನ ಮದುವೆಯಾಗಿ, ಈ ವಠಾರದಲ್ಲಿ ಉಸಿರು ಕಟ್ಟತೊಡಗಿದಾಗ, ನಾನೂ ಗಂಡನೂ ಬೋರ್ಡಿನ ಕಚೇರಿಗೆ ಹೋದೆವು. ಕೈಗೆಟುಕುವ ಬಾಡಿಗೆಯ ಮನೆ ಸಿಕ್ಕೀತೇ ಎಂದು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಬಾಡಿಗೆ ಮನೆಗಳು ಎಲ್ಲಿದಾವಮ್ಮ ಈಗ? ಎಲ್ಲಾ ಇದ್ದೋರಿಗೇ ಮಾರಿಬಿಟ್ವಲ್ಲ."

ಹೊರಗೆ ಮೆಟ್ಟಿಲ ಮೇಲೆ ನಿಂತಾಗ, ಡಿಪೋ ಮುಂದಿನ ಆ ಕಲ್ಲು ನೆನಪಾಯಿತು. ಅಪ್ಪ ಧೂಳು ಒರೆಸಿ ಇಟ್ಟದ್ದು. ಅದರ ಹಿಂದೆ ಇದ್ದ, ಕಣ್ಣಿಗೆ ಕಾಣದ ಮನುಷ್ಯ ಯಾರೆಂದು ಈಗ ಗೊತ್ತಾಯಿತು.

ಕಳೆದ ಭಾನುವಾರ ಶ್ರೀರಾಂಪುರಕ್ಕೆ ಹೋಗಿ ಅಪ್ಪನಿಗೆ ಇದನ್ನು ಹೇಳಿದೆ. "ಹೇಳಿರಲಿಲ್ವಾ?" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಅಮ್ಮ ಎದ್ದುಹೋಗಿ ಟ್ರಂಕಿನ ತಳದಿಂದ ಬಟ್ಟೆಯ ಗಂಟೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಒಳಗೆ ಹಳೆಯ ತಂತಿ ಕೊಕ್ಕೆಗಳು. "ನಿನ್ನ ಹತ್ರ ಸಾಲ್ದೇ ಇರಬೋದು. ತಗೊಂಡು ಹೋಗು," ಎಂದಳು.

ಆಮೇಲೆ ಅಪ್ಪ ಕೇಳಿದರು: "ಆವತ್ತು ಅಲ್ಲೊಂದು ಮಾತಾಡಿದೆ, ಇಲ್ಲೊಂದು ಮಾತಾಡಿದೆ. ಈಗ ಚೀಟಿ ಎತ್ತದೇ ಹೇಳು ಅಮ್ಮಣ್ಣಿ. ನಾವು ಕೊಂಡಿದ್ದು ಸರಿಯೋ ತಪ್ಪೋ?"

ಬಾಯಿ ತೆರೆದೆ. ಮಡಿಲಲ್ಲಿ ಕೊಕ್ಕೆಗಳಿದ್ದವು, ಎದುರಿಗೆ ಅಮ್ಮ ಇದ್ದಳು. ದಿಕ್ಕು ತೋಚದೆ ಗೋಡೆಯ ಮೇಲಿನ ತಾತನನ್ನು ನೋಡಿದೆ.

ಸಂಜೆ ಟೀ ಹೊತ್ತು. ಆ ಕಡೆ ಜಯಕ್ಕ ಮೊಳೆಯಿಂದ ಜಾಲರಿ ತೆಗೆದರೆಂದು ಕಾಣುತ್ತದೆ. ಈ ಕಡೆ ತಾತ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಯಾರಿಗೂ ತಿಳಿಯದ ಹಾಗೆ.

"ನೋಡಿದ್ರಾ? ನಮ್ಮಪ್ಪ ಹೂಂ ಅಂದ," ಎಂದಳು ಅಮ್ಮ.

"ಎಲ್ಲಿ ಅಂದ್ರು? ಊಹೂಂ ಅಂದ್ರು," ಎಂದರು ಅಪ್ಪ.